ಸಣ್ಣ ದೋಣಿಗೆ ಟ್ರೇಲರ್ ಹೊಂದಿಸುವುದು ಹೇಗೆ: ಹಲಗೆಯಿಂದ ಆಕ್ಸಲ್‌ವರೆಗೆ

ನಾನು ಕೊಂಡ ಮೊದಲ ದೋಣಿ ಫೈಬರ್‌ಗ್ಲಾಸ್‌ನದು, ನಾಲ್ಕು ಮೀಟರ್‌ಗಿಂತ ಸ್ವಲ್ಪ ಉದ್ದ. ಸೆಕೆಂಡ್‌ಹ್ಯಾಂಡ್. ಜೊತೆಗೆ ಬಂದ ಟ್ರೇಲರ್ ಬೇರಾವುದೋ ದೋಣಿಗೆ ಮಾಡಿದ್ದು. ದೋಣಿಯ ಹಿಂಬದಿ, ಅದನ್ನು ಹೊರುವ ಟ್ರೇಲರಿನ ಉದ್ದನೆಯ ಹಲಗೆಗಳ ತುದಿಯಿಂದ ಎರಡು ಗೇಣಿನಷ್ಟು ಹೊರಚಾಚಿತ್ತು. ನೋಡಿದಾಗ ಏನೂ ಅನ್ನಿಸಲಿಲ್ಲ. ನೀರಿಗೆ ಇಳಿಸಿ ವೇಗ ಹೆಚ್ಚಿಸಿದಾಗ ಮಾತ್ರ ದೋಣಿಯ ಮೂತಿ ಕೆಳಕ್ಕೆ ತಗ್ಗಿ ನೀರನ್ನು ಉಳತೊಡಗಿತು. ಎಂಜಿನ್ ಓರೆಯನ್ನು ಎಷ್ಟು ಬದಲಿಸಿದರೂ ಸರಿಹೋಗಲಿಲ್ಲ. ಕೊನೆಗೆ ತಳದ ಉದ್ದಕ್ಕೆ ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿ ಹಿಡಿದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ಹಲಗೆಯ ತುದಿ ಒತ್ತಿದ್ದ ಜಾಗದಲ್ಲಿ ಪಟ್ಟಿಗೂ ತಳಕ್ಕೂ ನಡುವೆ ಬೆಳಕಿನ ಒಂದು ಗೆರೆ. ತಳ ಅಲ್ಲಿ ಒಳಕ್ಕೆ ತಗ್ಗಿತ್ತು. ಎಂಜಿನ್ನಿನ ಭಾರ ಹಿಂಬದಿಯನ್ನು ವರ್ಷಗಟ್ಟಲೆ ಕೆಳಕ್ಕೆ ಎಳೆದಿತ್ತು, ಹಲಗೆಯ ತುದಿ ಮೇಲಕ್ಕೆ ಒತ್ತಿತ್ತು.

ಹಾಗೇಕೆ ಆಯಿತೆಂದು ಕೆದಕಿದಾಗ ಗೊತ್ತಾದದ್ದಿಷ್ಟು: ಟ್ರೇಲರಿನ ಮುಂಭಾರ ಹೆಚ್ಚಾಯಿತೆಂದು ಹಿಂದೆ ಯಾರೋ ದೋಣಿಯನ್ನೇ ಹಿಂದಕ್ಕೆ ಸರಿಸಿ ಸಮತೂಕ ಮಾಡಿಕೊಂಡಿದ್ದರು. ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ದೋಣಿ ಎಲ್ಲಿ ಕೂರಬೇಕೆಂದು ಹೇಳುವುದು ಅದರ ಹಿಂಗೋಡೆ, ಅಂದರೆ ಎಂಜಿನ್ ಕೂರುವ ಹಿಂಬದಿಯ ಗೋಡೆ. ಭಾರ ಸರಿ ಮಾಡಬೇಕಾದದ್ದು ಆಕ್ಸಲ್ ಸರಿಸಿ. ಈ ಎರಡನ್ನು ಬೆರೆಸಬೇಡಿ. ಮುಂದೆ ಬರುವ ಹಂತಗಳ ಅನುಕ್ರಮವೂ ಇದರ ಮೇಲೇ ನಿಂತಿದೆ: ಮೊದಲು ಹಲಗೆ, ಆಮೇಲೆ ವಿಂಚ್ ಕಂಬ (ದೋಣಿಯನ್ನು ಎಳೆದು ಹತ್ತಿಸುವ ರಾಟೆ ಇರುವ ಕಂಬ), ಕೊನೆಗೆ ಆಕ್ಸಲ್.

ಶುರು ಮಾಡುವ ಮುನ್ನ: ತೂಕ

ಟ್ರೇಲರಿಗೆ ಹೊಡೆದಿರುವ ತಗಡಿನ ಫಲಕದಲ್ಲಿ ಅದು ಹೊರಬಲ್ಲ ಒಟ್ಟು ತೂಕ ಇರುತ್ತದೆ. ಅದು ಟ್ರೇಲರಿನ ಸ್ವಂತ ತೂಕವೂ ಸೇರಿದ ಲೆಕ್ಕ. ದೋಣಿಯ ಮಾಹಿತಿಪತ್ರದಲ್ಲಿರುವುದು ಸಾಮಾನ್ಯವಾಗಿ ಬರೀ ಒಡಲಿನ ತೂಕ. ಅದಕ್ಕೆ ಎಂಜಿನ್, ಬ್ಯಾಟರಿ, ಲಂಗರು, ಸರಪಳಿ, ಹಗ್ಗ, ಹುಟ್ಟು, ಲೈಫ್ ಜಾಕೆಟ್ ಎಲ್ಲ ಸೇರಿಸಿ. 25 ಲೀಟರ್ ಪೆಟ್ರೋಲ್ ಅಂದರೆ 18ರಿಂದ 19 ಕೆ.ಜಿ. ಒಳಗೆ ನಿಂತ ಮಳೆನೀರು ಲೀಟರಿಗೆ ಒಂದು ಕೆ.ಜಿ., ಅದೂ ಹಿಂಬದಿಯಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಯಾವುದನ್ನೇ ಅಳೆಯುವ ಮೊದಲು ತಳದ ಬಿರಡೆ ತೆಗೆದು ನೀರು ಬಸಿದುಬಿಡಿ. ಸಾಧ್ಯವಾದರೆ ದೋಣಿಯ ಸಮೇತ ಟ್ರೇಲರನ್ನು ತೂಕದ ಸೇತುವೆಗೆ ಒಯ್ದು ಒಮ್ಮೆ ತೂಗಿಸಿ. ಲೆಕ್ಕ ಹಾಕಿದ್ದಕ್ಕಿಂತ ಅಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಫಲಕದ ಮಿತಿ ದಾಟಿದ್ದರೆ ಹೊಂದಾಣಿಕೆ ಮಾಡಿ ಪ್ರಯೋಜನವಿಲ್ಲ, ಬೇರೆ ಟ್ರೇಲರೇ ಬೇಕು.

ಸಾಮಾನು ಹೆಚ್ಚೇನಿಲ್ಲ. ಉದ್ದದ ಅಳತೆಪಟ್ಟಿ, ರಸಮಟ್ಟ, ತೂಗುಗುಂಡು, ಸೀಮೆಸುಣ್ಣ, ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಎರಡು ಗಟ್ಟಿ ಜಾಕ್, ಒಂದಷ್ಟು ಮರದ ದಿಮ್ಮಿ, ಸ್ನಾನದಮನೆಯಲ್ಲಿ ಇಡುವ ತೂಕದ ಯಂತ್ರ. ತುಕ್ಕು ಹಿಡಿದ ಯು-ಬೋಲ್ಟ್‌ಗಳ ನಟ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ನಟ್ಟು ಬಿಚ್ಚುವಾಗ ಬೋಲ್ಟ್ ಮುರಿದರೆ ಬೇಸರ ಬೇಡ, ಹೇಗೂ ಬದಲಿಸಬೇಕಾದ್ದೇ. ಹೊಸದನ್ನು ತರುವಾಗ ಬಿಸಿ ಸತುವಿನಲ್ಲಿ ಅದ್ದಿದ ಯು-ಬೋಲ್ಟ್ ಕೇಳಿ. ಬರೀ ಹೊಳಪಿನ ಲೇಪದವು ಉಪ್ಪುನೀರಿನಲ್ಲಿ ಬಾಳುವುದಿಲ್ಲ.

ದೋಣಿಯನ್ನು ಹಲಗೆಯಿಂದ ಎತ್ತುವುದು

ಸುಲಭದ ದಾರಿಯೆಂದರೆ ದೋಣಿಯನ್ನು ನೀರಿನಲ್ಲಿ ಬಿಟ್ಟು ಖಾಲಿ ಟ್ರೇಲರನ್ನು ಮೇಲೆ ತಂದು ಕೆಲಸ ಮಾಡುವುದು. ಆದರೆ ತಳದ ಆಕಾರ ಕಣ್ಣೆದುರಿಗೆ ಇರುವುದಿಲ್ಲವಾದ್ದರಿಂದ ನಾಲ್ಕಾರು ಬಾರಿ ಹತ್ತಿಸಿ ಇಳಿಸಬೇಕಾಗುತ್ತದೆ. ನನಗೆ ನೆಲದ ಮೇಲೆ ಮಾಡುವುದೇ ಇಷ್ಟ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಟ್ರೇಲರ್ ನಿಲ್ಲಿಸಿ ಚಕ್ರಗಳ ಹಿಂದೆ ಮುಂದೆ ಅಡ್ಡ ಕೊಡಿ. ಮುಂದಿನ ಪುಟ್ಟಚಕ್ರದ ಜಾಕ್ ತಿರುಗಿಸಿ ಮೂಕಿಯನ್ನು, ಅಂದರೆ ಕಾರಿಗೆ ಸಿಕ್ಕಿಸುವ ಮುಂಚಾಚಿದ ತೊಲೆಯನ್ನು, ಪೂರ್ತಿ ಕೆಳಗಿಳಿಸಿ. ಟ್ರೇಲರ್ ಏತದಂತೆ ಆಡುವುದರಿಂದ ಹಿಂಬದಿ ಮೇಲೇಳುತ್ತದೆ. ಈಗ ಹಿಂಗೋಡೆಯ ಕೆಳಗೆ, ಕೀಲ್ (ತಳದ ನಟ್ಟನಡುವಿನ ಉದ್ದನೆಯ ಏಣು) ಇರುವ ನಡುಭಾಗಕ್ಕೂ ಎರಡು ಮೂಲೆಗಳಿಗೂ, ಮರದ ದಿಮ್ಮಿ ಜೋಡಿಸಿ. ಆಮೇಲೆ ಮೂಕಿಯನ್ನು ನಿಧಾನವಾಗಿ ಮೇಲೆತ್ತಿ. ಟ್ರೇಲರಿನ ಹಿಂಬದಿ ಕೆಳಗಿಳಿಯುತ್ತದೆ, ದೋಣಿ ದಿಮ್ಮಿಗಳ ಮೇಲೆ ಉಳಿಯುತ್ತದೆ. ಹಲಗೆಗೂ ತಳಕ್ಕೂ ನಡುವೆ ಒಂದು ಕೈ ಹೋಗುವಷ್ಟು ಸಂದು ಸಿಕ್ಕರೆ ಸಾಕು. ಮುಂಭಾಗವನ್ನೂ ಎತ್ತಬೇಕಿದ್ದರೆ ಮೂತಿಯ ಹತ್ತಿರ ಕೀಲ್ ಕೆಳಗೆ ಗಟ್ಟಿ ಮರದ ಕುದುರೆ ನಿಲ್ಲಿಸಿ, ಮೂಕಿಯನ್ನು ಮತ್ತೆ ಸ್ವಲ್ಪ ಇಳಿಸಿ.

ಸಿಮೆಂಟ್ ಇಟ್ಟಿಗೆಯನ್ನು ದಿಮ್ಮಿಯ ಬದಲಿಗೆ ಇಡಬೇಡಿ. ಒಂದು ಮೂಲೆಗೆ ಭಾರ ಬಿದ್ದರೆ ಸುಳಿವೇ ಕೊಡದೆ ಸಿಡಿದು ಕುಸಿಯುತ್ತದೆ. ದೋಣಿ ಪಕ್ಕಕ್ಕೆ ವಾಲದಂತೆ ಎರಡೂ ಕಡೆ ಆನಿಕೆ ಕೊಡಿ. ದಿಮ್ಮಿಯ ಮೇಲಿರುವಾಗ ಯಾರೂ ಕೆಳಗೆ ನುಸುಳಬಾರದು, ಕೈ ಮಾತ್ರ ಒಳಗೆ ಹೋಗಲಿ.

ಹಲಗೆಗಳು: ಇಲ್ಲೇ ಸಮಯ ಕೊಡಿ

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಒಂದು ಸಣ್ಣ ದೋಣಿ ತನ್ನ ಆಯುಷ್ಯದ ಹೆಚ್ಚು ಭಾಗವನ್ನು ನೀರಿನಲ್ಲಲ್ಲ, ಟ್ರೇಲರಿನ ಮೇಲೆ ಕಳೆಯುತ್ತದೆ. ನೀರು ತಳವನ್ನು ಎಲ್ಲ ಕಡೆಯಿಂದ ಸಮನಾಗಿ ಹೊರುತ್ತದೆ. ಟ್ರೇಲರ್ ನಾಲ್ಕಾರು ಕಡೆ ಮಾತ್ರ ಹೊರುತ್ತದೆ. ಆ ಕಡೆಗಳು ಯಾವುವು ಎಂಬುದನ್ನು ನೀವೇ ಆರಿಸಬೇಕು.

ಮೊದಲು ಹಿಂಬದಿ. ಹಲಗೆಗಳ ಹಿಂತುದಿ ಹಿಂಗೋಡೆಯ ನೇರಕ್ಕೆ ಬರಬೇಕು, ಅಥವಾ ಎರಡು ಮೂರು ಸೆಂ.ಮೀ. ಹಿಂದಕ್ಕೆ ಚಾಚಿರಬೇಕು. ಹಿಂಗೋಡೆಯಿಂದ ತೂಗುಗುಂಡು ಇಳಿಬಿಟ್ಟು ನೋಡಿ. ದಾರ ಹಲಗೆಯ ತುದಿಯನ್ನು ತಾಗಬೇಕು ಅಥವಾ ಹಲಗೆಯ ಮೇಲೇ ಬೀಳಬೇಕು. ಹಲಗೆ ದಾಟಿ ಹಿಂದೆ ಬಿದ್ದರೆ ಎಂಜಿನ್ನಿನ ಭಾರ ಗಾಳಿಯಲ್ಲಿ ನೇತಾಡುತ್ತಿದೆ ಎಂದರ್ಥ. ಹಲಗೆಯನ್ನು ಹಿಂದಕ್ಕೆ ಸರಿಸಿ, ಸಾಲದಿದ್ದರೆ ಉದ್ದನೆಯ ಹೊಸ ಹಲಗೆ ಹಾಕಿ. ಟ್ರೇಲರಿನ ಕೊನೆಯ ಅಡ್ಡಪಟ್ಟಿಯಿಂದ ಹಲಗೆ ತೀರಾ ದೂರ ಚಾಚಿದರೆ ಅದು ಬಾಗುತ್ತದೆ. ಆಗ ದೋಣಿಯನ್ನೇ ಮುಂದಕ್ಕೆ ತನ್ನಿ. ಮುಂಭಾರ ಹೆಚ್ಚುತ್ತದೆ ಎಂದು ಈಗಲೇ ಚಿಂತೆ ಬೇಡ.

ಎರಡನೆಯದು ಅಗಲ. ಫೈಬರ್‌ಗ್ಲಾಸ್ ದೋಣಿಯ ಒಳಗೆ ನೆಲದಡಿಯಲ್ಲಿ ಉದ್ದುದ್ದ ತೊಲೆಗಳು ಇರುತ್ತವೆ. ಬೆರಳ ಗೆಣ್ಣಿನಿಂದ ತಳವನ್ನು ಹೊರಗಿನಿಂದ ಬಡಿದು ನೋಡಿದರೆ ತೊಲೆ ಇರುವ ಕಡೆ ಸದ್ದು ಗಟ್ಟಿಯಾಗಿ, ಇಲ್ಲದ ಕಡೆ ಟೊಳ್ಳಾಗಿ ಕೇಳುತ್ತದೆ. ಗಟ್ಟಿ ಸದ್ದಿನ ಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತಿಸಿ. ಹಲಗೆ ಆ ಗೆರೆಯ ಕೆಳಗೇ ಬರಬೇಕು. ತಳದಲ್ಲಿ ಉದ್ದಕ್ಕೂ ಉಬ್ಬಿದ ಏಣುಗಳಿದ್ದರೆ ಹಲಗೆ ಅವುಗಳ ಮೇಲೆ ಹತ್ತಿ ಕೂರದಂತೆ, ಎರಡು ಏಣಿನ ನಡುವಿನ ಚಪ್ಪಟೆ ಜಾಗದಲ್ಲಿ ಬರುವಂತೆ ನೋಡಿ. ಆಳ ತೋರಿಸುವ ಸೆನ್ಸರ್ ಅಂಟಿಸಿದ್ದರೆ ಅದರಿಂದಲೂ ದೂರ ಇರಲಿ.

ಮೂರನೆಯದು ಓರೆ. ತಳ ವಿ ಆಕಾರದಲ್ಲಿರುವುದರಿಂದ ಹಲಗೆಯ ಮೇಲ್ಮೈ ಆ ಇಳಿಜಾರಿಗೆ ಸರಿಯಾಗಿ ವಾಲಿರಬೇಕು. ಇಲ್ಲದಿದ್ದರೆ ಇಡೀ ಭಾರ ಹಲಗೆಯ ಒಂದು ಅಂಚಿನ ಮೇಲೆ ಬೀಳುತ್ತದೆ. ತಿರುಗುವ ಬ್ರಾಕೆಟ್ ಇದ್ದರೆ ನಟ್ಟು ಸಡಿಲಿಸಿ ದೋಣಿಯನ್ನು ಮೆಲ್ಲಗೆ ಇಳಿಸಿ, ಹಲಗೆ ತಾನಾಗಿ ತಳಕ್ಕೆ ಹೊಂದಿಕೊಂಡ ಮೇಲೆ ಬಿಗಿಯಿರಿ. ತಿರುಗದ ಬ್ರಾಕೆಟ್ ಆದರೆ ದಪ್ಪ ರಟ್ಟನ್ನು ತಳಕ್ಕೆ ಹಿಡಿದು ಆಕಾರ ಗುರುತು ಮಾಡಿ ಕತ್ತರಿಸಿ, ಆ ಅಚ್ಚಿನ ಪ್ರಕಾರ ಬ್ರಾಕೆಟ್ ಬಾಗಿಸಿ ಅಥವಾ ಬೆಣೆ ಕೊಡಿ. ಅಚ್ಚನ್ನು ಒಂದೇ ಕಡೆ ತೆಗೆಯಬೇಡಿ. ವಿ ಆಕಾರ ಹಿಂದೆ ಚಪ್ಪಟೆ, ಮುಂದಕ್ಕೆ ಹೋದಂತೆ ಕಡಿದು, ಆದ್ದರಿಂದ ಪ್ರತಿ ಬ್ರಾಕೆಟ್ಟಿನ ಜಾಗದಲ್ಲೂ ಬೇರೆ ಬೇರೆ ಅಚ್ಚು ಬೇಕು.

ಎಲ್ಲ ಬಿಗಿದು ದೋಣಿಯನ್ನು ಕೂರಿಸಿದ ಮೇಲೆ ಒಂದು ಅಂಚೆ ಕಾರ್ಡಿನಷ್ಟು ದಪ್ಪದ ಕಾಗದವನ್ನು ಹಲಗೆಗೂ ತಳಕ್ಕೂ ನಡುವೆ ತೂರಿಸುತ್ತ ಹಿಂದಿನಿಂದ ಮುಂದಕ್ಕೆ ಬನ್ನಿ. ಎಲ್ಲೂ ನುಸುಳಬಾರದು. ಒಂದು ಕಡೆ ಸಲೀಸಾಗಿ ಹೋಗಿ ಅದರ ಪಕ್ಕದಲ್ಲೇ ಸಿಕ್ಕಿಕೊಂಡರೆ, ಆ ಸಿಕ್ಕಿಕೊಂಡ ಜಾಗ ಎತ್ತರವಾಗಿದೆ, ಅಲ್ಲಿ ಭಾರ ಗುಂಪುಗೂಡಿದೆ. ಅಲ್ಲಿನ ಬ್ರಾಕೆಟ್ ಸಡಿಲಿಸಿ ಕೂದಲೆಳೆಯಷ್ಟು ಇಳಿಸಿ ಮತ್ತೆ ಕಾಗದ ಹಾಯಿಸಿ. ಬೇಸರ ಹಿಡಿಸುವ ಕೆಲಸ ನಿಜ. ಆದರೆ ನನ್ನ ದೋಣಿಯ ತಳ ತಗ್ಗಿದ್ದು ಇಂಥ ಒಂದೇ ಒಂದು ಜಾಗದಿಂದ.

ಅಲ್ಯೂಮಿನಿಯಂ ದೋಣಿ ಇರುವವರಿಗೆ ಒಂದು ಎಚ್ಚರಿಕೆ. ಕೊಳೆಯದಿರಲೆಂದು ತಾಮ್ರದ ಸಂಯುಕ್ತ ಊಡಿಸಿದ ಮರದ ಹಲಗೆ ಒದ್ದೆಯಾಗಿ ಅಲ್ಯೂಮಿನಿಯಂಗೆ ತಾಗಿದರೆ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಮೇಲೆ ಹೊದಿಸಿದ ಕಾರ್ಪೆಟ್ ನೀರು ಹಿಡಿದಿಟ್ಟುಕೊಂಡು ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ತಾಮ್ರ ಊಡಿಸದ ಮರ ಬಳಸಿ, ಅಥವಾ ಕಾರ್ಪೆಟ್ಟಿನ ಬದಲು ಪ್ಲಾಸ್ಟಿಕ್ ಪಟ್ಟಿ ಹೊಡೆಯಿರಿ. ಯಾವ ದೋಣಿಯೇ ಆಗಲಿ, ಹಲಗೆಗೆ ಹೊಡೆದ ಸ್ಕ್ರೂ, ಬೋಲ್ಟ್ ತಲೆಗಳು ಮರದೊಳಗೆ ಮುಳುಗಿರಬೇಕು. ಕಾರ್ಪೆಟ್ ಸವೆದಂತೆ ಎದ್ದು ಕಾಣುವ ಒಂದು ಬೋಲ್ಟ್ ತಲೆ ಒಂದೇ ಪ್ರಯಾಣದಲ್ಲಿ ತಳಕ್ಕೆ ಗೀರು ಹಾಕಬಲ್ಲದು.

ರೋಲರ್ ಟ್ರೇಲರ್ ಆದರೆ ತತ್ವ ಅದೇ, ಭಾರ ಮಾತ್ರ ಇನ್ನೂ ಕಿರಿದಾದ ಜಾಗದಲ್ಲಿ ಬೀಳುತ್ತದೆ. ನಡುವಿನ ರೋಲರ್‌ಗಳು ಕೀಲ್ ಅನ್ನೇ ಹೊರಬೇಕು, ಎಲ್ಲವೂ ಒಂದೇ ಗೆರೆಯಲ್ಲಿರಬೇಕು. ಮೂತಿಯಿಂದ ಹಿಂದಕ್ಕೆ ದಾರ ಎಳೆದು ನೋಡಿ. ಪಕ್ಕದ ರೋಲರ್‌ಗಳು ಅಥವಾ ಹಲಗೆಗಳು ದೋಣಿ ವಾಲದಂತೆ ತಡೆಯಲು ಮಾತ್ರ.

ಎತ್ತರದ ವಿಷಯದಲ್ಲಿ, ದೋಣಿ ತಗ್ಗಿದಷ್ಟೂ ಒಳ್ಳೆಯದು. ರಸ್ತೆಯಲ್ಲಿ ಸ್ಥಿರ, ನೀರಿಗಿಳಿಸುವಾಗ ಬೇಗ ತೇಲುತ್ತದೆ. ಆದರೆ ಕೀಲ್ ಅಡ್ಡಪಟ್ಟಿಗೆ ತಾಗಬಾರದು, ಗುಂಡಿಯಲ್ಲಿ ಚಕ್ರ ಜಿಗಿದಾಗ ಮಡ್‌ಗಾರ್ಡ್ ದೋಣಿಗೆ ಬಡಿಯಬಾರದು. ಸುತ್ತಲೂ ಐದು ಸೆಂ.ಮೀ. ಬಿಡುವು ಇರಲಿ.

ವಿಂಚ್ ಕಂಬ

ದೋಣಿ ಈಗ ತನ್ನ ಜಾಗದಲ್ಲಿ ಕೂತಿದೆ. ಕಂಬ ದೋಣಿಯ ಹತ್ತಿರ ಬರಬೇಕು, ದೋಣಿ ಕಂಬದ ಹತ್ತಿರ ಹೋಗುವುದಲ್ಲ. ಕಂಬದ ಯು-ಬೋಲ್ಟ್ ಸಡಿಲಿಸಿ ಮೂಕಿಯ ಮೇಲೆ ಜಾರಿಸುತ್ತ, ಮುಂದಿನ ರಬ್ಬರ್ ತಡೆ ಮೂತಿಗೆ ಒತ್ತಿ ಕೂರುವಂತೆ ಮಾಡಿ ಬಿಗಿಯಿರಿ.

ಎತ್ತರದಲ್ಲಿ ಒಂದು ಸೂಕ್ಷ್ಮ ಇದೆ. ಮೂತಿಯಲ್ಲಿರುವ ಕಬ್ಬಿಣದ ಬಳೆ ಆ ರಬ್ಬರ್ ತಡೆಯ ಕೆಳಗೆ ಬರಬೇಕು. ಹಾಗಿದ್ದರೆ ಗಕ್ಕನೆ ಬ್ರೇಕ್ ಹಾಕಿದಾಗ ದೋಣಿ ತಡೆಯನ್ನು ಹತ್ತಿ ಮುಂದಕ್ಕೆ ನುಗ್ಗಲಾಗುವುದಿಲ್ಲ. ವಿಂಚಿನ ಪಟ್ಟಿ ಬಳೆಯವರೆಗೆ ನೇರವಾಗಿ ಹೋಗಬೇಕು. ಪಟ್ಟಿ ಕೆಳಕ್ಕೆ ಎಳೆಯುತ್ತಿದ್ದರೆ ಮೂತಿ ಹಲಗೆಗೆ ಒತ್ತಿಕೊಂಡು, ದೋಣಿ ಹತ್ತಿಸುವುದೇ ಕಷ್ಟವಾಗುತ್ತದೆ.

ವಿಂಚ್ ಪಟ್ಟಿ ಇರುವುದು ಎಳೆಯಲು, ಕಟ್ಟಲು ಅಲ್ಲ. ಅದರ ಹಲ್ಲಿನ ಕೊಕ್ಕೆ ಜಾರಿದರೆ ದೋಣಿ ರಸ್ತೆಯ ಮೇಲಿರುತ್ತದೆ. ಕಂಬದಿಂದ ಬಳೆಗೆ ಪ್ರತ್ಯೇಕ ಸರಪಳಿ, ಹಿಂಗೋಡೆಯ ಎರಡು ಬಳೆಗಳಿಂದ ಟ್ರೇಲರಿನ ಚೌಕಟ್ಟಿಗೆ ಎರಡು ಬಿಗಿಯುವ ಪಟ್ಟಿ, ಇವು ಇದ್ದೇ ಇರಬೇಕು.

ಮೂಕಿ ಭಾರ ಅಳೆಯುವುದು

ಮೂಕಿಯ ತುದಿಯಲ್ಲಿರುವ ಕಪ್ಲರ್, ಕಾರಿನ ಹಿಂದಿರುವ ಕೊಂಡಿಯ ಗುಂಡಿನ ಮೇಲೆ ಕೆಳಮುಖವಾಗಿ ಒತ್ತುವ ತೂಕವೇ ಮೂಕಿ ಭಾರ. ದೋಣಿಯ ಟ್ರೇಲರಿಗೆ ಅದು ಒಟ್ಟು ತೂಕದ ಶೇ 5ರಿಂದ 10ರೊಳಗೆ ಇರಬೇಕು. ಕಡಿಮೆಯಾದರೆ ಹಿಂಭಾರವಾಗಿ ವೇಗದಲ್ಲಿ ಟ್ರೇಲರ್ ಹಾವಿನಂತೆ ಆಡತೊಡಗುತ್ತದೆ, ಒಮ್ಮೆ ಶುರುವಾದರೆ ಕಾರನ್ನೇ ತಿರುಗಿಸಿ ಎಸೆಯಬಲ್ಲದು. ಹೆಚ್ಚಾದರೆ ಕಾರಿನ ಹಿಂಬದಿ ಕುಸಿದು ಮುಂಚಕ್ರಗಳ ಹಿಡಿತ ತಗ್ಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾರಿಗೂ ಕೊಂಡಿಗೂ ಅವುಗಳದೇ ಮಿತಿ ಇರುತ್ತದೆ. ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಪ್ರಯಾಣಕ್ಕೆ ಹೊರಡುವಾಗ ಇರುವ ಸಾಮಾನೆಲ್ಲ ದೋಣಿಯಲ್ಲಿರಲಿ. ಚಕ್ರಕ್ಕೆ ಅಡ್ಡ ಕೊಟ್ಟು, ಕಪ್ಲರ್ ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ ತೂಕದ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಅದರ ಮೇಲೆ ಇಳಿಸಿ. ಪುಟ್ಟಚಕ್ರ ನೆಲ ಬಿಟ್ಟಿರಬೇಕು. ಬಂದ ಸಂಖ್ಯೆಯಿಂದ ಮರದ ತುಂಡಿನ ತೂಕ ಕಳೆಯಿರಿ.

ಭಾರ ಯಂತ್ರದ ಮಿತಿ ಮೀರುವ ಹಾಗಿದ್ದರೆ, ಒಂದು ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ಯಂತ್ರದ ಮೇಲೂ 90 ಸೆಂ.ಮೀ. ಅಂತರದಲ್ಲಿ ಇಟ್ಟು, ಇಟ್ಟಿಗೆಯ ಕಡೆಯಿಂದ 30 ಸೆಂ.ಮೀ.ಗೆ ಕಪ್ಲರ್ ಇಳಿಸಿ. ಯಂತ್ರ ತೋರಿಸುವುದು ಮೂರನೇ ಒಂದು ಪಾಲು. ಖಾಲಿ ಹಲಗೆಗೆ ತೋರಿಸಿದ್ದನ್ನು ಕಳೆದು ಮೂರರಿಂದ ಗುಣಿಸಿ.

ಆಕ್ಸಲ್ ಸರಿಸುವುದು

ಆಕ್ಸಲ್ ಹಿಂದಕ್ಕೆ ಹೋದರೆ ಮೂಕಿ ಭಾರ ಹೆಚ್ಚುತ್ತದೆ, ಮುಂದಕ್ಕೆ ಬಂದರೆ ಕಡಿಮೆಯಾಗುತ್ತದೆ. ಎಷ್ಟೆಂದು ಮೊದಲೇ ಅಂದಾಜು ಮಾಡಬಹುದು: ಒಟ್ಟು ತೂಕವನ್ನು ಸರಿಸಿದ ದೂರದಿಂದ ಗುಣಿಸಿ, ಕಪ್ಲರಿನಿಂದ ಆಕ್ಸಲ್‌ವರೆಗಿನ ದೂರದಿಂದ ಭಾಗಿಸಿ.

ದೋಣಿ, ಟ್ರೇಲರ್ ಸೇರಿ 550 ಕೆ.ಜಿ., ಕಪ್ಲರಿನಿಂದ ಆಕ್ಸಲ್‌ಗೆ 4 ಮೀಟರ್ ಎಂದುಕೊಳ್ಳಿ. 10 ಸೆಂ.ಮೀ. ಸರಿಸಿದರೆ ಲೆಕ್ಕದ ಪ್ರಕಾರ ಬದಲಾಗಬೇಕಾದದ್ದು 14 ಕೆ.ಜಿ.ಗೆ ಒಂದಿಷ್ಟು ಕಡಿಮೆ. ಆದರೆ ಆಕ್ಸಲ್ ಮತ್ತು ಚಕ್ರಗಳ ತೂಕ ಅವುಗಳ ಜೊತೆಗೇ ಸರಿಯುವುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ನಿಜದಲ್ಲಿ 12 ಕೆ.ಜಿ. ಆಸುಪಾಸು. ಅಳೆದಾಗ ಮೂಕಿ ಭಾರ 18 ಕೆ.ಜಿ. ಬಂದಿದ್ದರೆ ಅದು ಶೇ 3ರ ಚಿಲ್ಲರೆ, ಅಪಾಯಕಾರಿ. 15 ಸೆಂ.ಮೀ. ಹಿಂದಕ್ಕೆ ಸರಿಸಿದರೆ 35ರ ಹತ್ತಿರ ಬಂದು ಶೇ 6 ದಾಟುತ್ತದೆ.

ದೋಣಿ ನೀರಿನಲ್ಲಿದ್ದು ಟ್ರೇಲರ್ ಖಾಲಿಯಿದ್ದರೆ ಈ ಕೆಲಸ ಹಗುರ. ಸರಿಸುವ ಮೊದಲು ಈಗಿನ ಜಾಗವನ್ನು ಚೌಕಟ್ಟಿನ ಎರಡೂ ಬದಿ ಗೆರೆ ಎಳೆದು ಗುರುತಿಸಿ. ಚೌಕಟ್ಟನ್ನು ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಪಟ್ಟಿ ಸ್ಪ್ರಿಂಗಿನ ಬ್ರಾಕೆಟ್‌ಗಳನ್ನು ಚೌಕಟ್ಟಿಗೆ ಹಿಡಿದಿರುವ ಯು-ಬೋಲ್ಟ್‌ಗಳನ್ನು ಸಡಿಲಿಸಿ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಸರದಿಯ ಮೇಲೆ ಸರಿಸಿ. ಬ್ರಾಕೆಟ್ ಚೌಕಟ್ಟಿಗೇ ಬೆಸುಗೆಯಾಗಿದ್ದರೆ ಕೈಹಾಕಬೇಡಿ, ಅದು ವೆಲ್ಡರ್ ಕೆಲಸ.

ಆಕ್ಸಲ್ ಓರೆಯಾಗಿ ಕೂತರೆ ಟ್ರೇಲರ್ ಏಡಿಯ ಹಾಗೆ ಅಡ್ಡಡ್ಡ ಓಡಿ ಟಯರ್ ತಿನ್ನುತ್ತದೆ. ಕಪ್ಲರಿನ ನಟ್ಟನಡುವಿನಿಂದ ಆಕ್ಸಲಿನ ಎರಡೂ ತುದಿಗೆ, ಒಂದೇ ತರಹದ ಬಿಂದುವಿಗೆ, ಅಳತೆಪಟ್ಟಿ ಹಿಡಿಯಿರಿ. ಎರಡೂ ಅಳತೆ 3 ಮಿ.ಮೀ.ಗಿಂತ ಹೆಚ್ಚು ಬೇರೆಯಾಗಬಾರದು. ಪಟ್ಟಿ ಜೋತುಬಿದ್ದರೆ ಅಳತೆ ಸುಳ್ಳು ಹೇಳುತ್ತದೆ, ಇನ್ನೊಬ್ಬರನ್ನು ಕರೆದು ಬಿಗಿಯಾಗಿ ಎಳೆದು ಹಿಡಿಯಿರಿ. ಸರಿಯಾದ ಮೇಲೆ ಯು-ಬೋಲ್ಟ್‌ಗಳನ್ನು ಕತ್ತರಿ ಕ್ರಮದಲ್ಲಿ, ಒಂದರ ಎದುರಿನದನ್ನು ಆಮೇಲೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪೂರ್ತಿ ಬಿಗಿದ ಮೇಲೆ ಅಳತೆಯನ್ನು ಇನ್ನೊಮ್ಮೆ ನೋಡಿ, ಬಿಗಿಯುವಾಗಲೇ ಸರಿದುಬಿಡುವುದುಂಟು.

ಆಕ್ಸಲ್ ಜೊತೆ ಮಡ್‌ಗಾರ್ಡ್ ಕೂಡ ಸರಿಯಬೇಕು. ಬ್ರೇಕ್ ಇರುವ ಟ್ರೇಲರ್ ಆದರೆ ಬ್ರೇಕ್ ಕೇಬಲ್ ಅಥವಾ ಸರಳಿನ ಉದ್ದ ಹೊಂದಿಸಿ. ದೀಪದ ತಂತಿ ಎಳೆದು ಬಿಗಿಯಾಗಿದ್ದರೆ ಬಿಡಿಸಿ ಹೊಸದಾಗಿ ಕಟ್ಟಿ.

ಈಗ ಮತ್ತೆ ದೋಣಿ ಹತ್ತಿಸಿ ಮೂಕಿ ಭಾರ ಅಳೆಯಿರಿ. ಶೇ 5ರಿಂದ 10ರೊಳಗೆ ಬಂದರೆ ನಿಲ್ಲಿಸಿ. ಇನ್ನೂ ಒಂದೆರಡು ಕೆ.ಜಿ. ಬೇಕಿದ್ದರೆ ಬ್ಯಾಟರಿ ಅಥವಾ ಲಂಗರನ್ನು ಮುಂದಕ್ಕೆ ಹಿಂದಕ್ಕೆ ಇಟ್ಟು ಸರಿ ಮಾಡಿಕೊಳ್ಳಬಹುದು.

ರಸ್ತೆಗಿಳಿಯುವ ಮುನ್ನ

ಕೊಂಡಿಯ ಗುಂಡಿನ ಅಳತೆಯೂ ಕಪ್ಲರಿನ ಮೇಲೆ ಒತ್ತಿದ ಅಳತೆಯೂ ಒಂದೇ ಇರಬೇಕು. 50 ಮಿ.ಮೀ. ಗುಂಡಿಗೂ ಎರಡು ಇಂಚಿನದಕ್ಕೂ ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ, ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ಅಂದಾಜಿಗೆ ಬಿಡದೆ ಒತ್ತಿದ ಅಂಕಿ ಓದಿ. ಸಿಕ್ಕಿಸಿದ ಮೇಲೆ ಟ್ರೇಲರ್ ಸಮಮಟ್ಟದಲ್ಲಿರಲಿ, ಮೂಕಿ ಕೊಂಚ ತಗ್ಗಿದ್ದರೂ ಆದೀತು. ಪಟ್ಟು ಹಾಕಿದ ಕಪ್ಲರನ್ನು ಪುಟ್ಟಚಕ್ರದ ಜಾಕ್‌ನಿಂದ ಮೇಲೆತ್ತಿ ನೋಡಿ; ಕಾರಿನ ಹಿಂಬದಿಯೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ.

ಮೊದಲ ಓಡಾಟ ಹತ್ತಿರದ್ದಾಗಿರಲಿ, ನಿಧಾನವಾಗಿರಲಿ. ಹದಿನೈದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಚಕ್ರದ ನಡುಗುಬ್ಬಿಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಬೇರಿಂಗ್ ಕೆಟ್ಟಿದೆ. ಬಿಸಿಯಾದ ಗುಬ್ಬಿಯನ್ನು ತಣ್ಣನೆ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ, ಆದ್ದರಿಂದ ನೀರಿಗಿಳಿಸುವ ಮೊದಲು ಆರಲು ಬಿಡಿ. ಸುಮಾರು 80 ಕಿ.ಮೀ. ಆದ ಮೇಲೆ ಚಕ್ರದ ನಟ್ಟು, ಆಕ್ಸಲಿನ ಯು-ಬೋಲ್ಟ್, ಹಲಗೆಯ ಬ್ರಾಕೆಟ್, ವಿಂಚ್ ಕಂಬ ಎಲ್ಲವನ್ನೂ ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿಯಿರಿ. ಹೊಸದಾಗಿ ಬಿಗಿದದ್ದು ಕುಲುಕಾಟದಲ್ಲಿ ಸಡಿಲವಾಗಿಯೇ ಇರುತ್ತದೆ.

ದೋಣಿಯನ್ನು ನೀರಿಗಿಳಿಸಿದ ಮೇಲೆ ಹಲಗೆಯ ಕಾರ್ಪೆಟ್ ನೋಡಿ. ಭಾರ ಸಮನಾಗಿ ಬಿದ್ದ ಕಡೆ ಜುಂಗು ಉದ್ದಕ್ಕೂ ಒಂದೇ ಹದಕ್ಕೆ ಒರಗಿರುತ್ತದೆ. ಎಲ್ಲಾದರೂ ಒಂದು ಕಡೆ ಮಾತ್ರ ಅಪ್ಪಚ್ಚಿಯಾಗಿ ಹೊಳೆಯುತ್ತಿದ್ದರೆ ಅಲ್ಲಿನ ಬ್ರಾಕೆಟ್ ಇನ್ನೂ ಎತ್ತರವಿದೆ, ಕಾಗದ ತೆಗೆದುಕೊಂಡು ಮತ್ತೆ ಅಲ್ಲಿಂದ ಶುರು ಮಾಡಿ. ಎಲ್ಲ ಸರಿಯಿದ್ದರೆ ಆಕ್ಸಲ್, ಹಲಗೆ, ವಿಂಚ್ ಕಂಬ ಮೂರೂ ಚೌಕಟ್ಟನ್ನು ಹಿಡಿದಿರುವ ಕಡೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಅರ್ಧ ಬ್ರಾಕೆಟ್ಟಿನ ಮೇಲೆ, ಅರ್ಧ ಚೌಕಟ್ಟಿನ ಮೇಲೆ. ಮುಂದೆ ಯಾವುದಾದರೂ ಕೂದಲೆಳೆಯಷ್ಟು ಸರಿದರೂ ಆ ಗೆರೆ ಮುರಿದು ಕಾಣುತ್ತದೆ.